ಡಾಕ್ಟ್ರಮ್ಮನ ಲಾನಿನ ಜೇಕು

ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ನನ್ನ ಫೋನಿಗೆ ಈಗಲೂ ಹುಲ್ಲಿನ ಫೋಟೋಗಳು ಬರುತ್ತವೆ. ‘ಹಾಲಕ್ಕ, ಇದು ಯಾವ ಹುಲ್ಲು? ಹೆಂಗ ತೆಗೀಬೇಕು?’ ಎಂದು ಕೇಳುತ್ತಾರೆ. ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಮುಂದೆ ಹತ್ತಡಿ ಜಾಗ ಉಳಿದರೂ ಲಾನು ಹಾಕಿಸುತ್ತಾರೆ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸ ಹೊಸ ಹೆಣ್ಣುಮಕ್ಕಳು ಸೇರುತ್ತಿದ್ದಾರೆ. ಫೋಟೋ ನೋಡಿ ಹೇಳುವಷ್ಟು ಹೇಳುತ್ತೇನೆ. ಆದರೆ ಪಕ್ಕದಲ್ಲಿ ಕೂತು ಕಲಿಯಬೇಕಾದ ಕೆಲಸ ಫೋನಿನಲ್ಲಿ ಎಷ್ಟು ಬಂದೀತು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏಳನೇ ಕ್ಲಾಸು ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಹೆಸರು ಹಾಲಮ್ಮ. ಊರು ಹರಿಹರ. ಅಲ್ಲಿಯ ಒಂದು ಕಾರ್ಖಾನೆಯ ಕಾಲೊನಿಯಲ್ಲಿ, ಗೆಸ್ಟ್ ಹೌಸಿನ ತೋಟಕ್ಕೆ ದಿನಗೂಲಿಯವಳಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಅದಕ್ಕೆ ಮುಂಚೆ ಭತ್ತದ ಗದ್ದೆಯಲ್ಲಿ ಕಳೆ ತೆಗೆದಿದ್ದೆ. ಹಾಗಾಗಿ ನನಗೆ ಎಲ್ಲ ಗೊತ್ತು ಎಂಬ ಧೈರ್ಯವಿತ್ತು. ಮೊದಲ ದಿನ ಹೆಡ್ ಮಾಲಿ ಬಸಣ್ಣ ಒಂದು ಮಡಿ ತೋರಿಸಿ, ‘ಇದರಾಗಿನ ಕಳೆ ತಗಿಯವ್ವ’ ಎಂದು ಹೇಳಿ ಹೋದರು. ನಾನು ಬಿರುಸಾಗಿ ಕೂತು ಊಟದ ಹೊತ್ತಿಗೆ ಅರ್ಧ ಮಡಿ ಮುಗಿಸಿದೆ. ಬಸಣ್ಣ ಬಂದು ಮಡಿಯ ಕಡೆ ಬಗ್ಗಿ ನೋಡಿದರು. ಅವರು ಹಿಂದಿನ ವಾರ ಒಂದೊಂದೇ ಎಳೆ ನೆಟ್ಟಿದ್ದ ಲಾನಿನ ಹುಲ್ಲು ನೋಡಲಿಕ್ಕೆ ನಮ್ಮ ಹೊಲದ ಬದುವಿನ ಕರಿಕೆಯ, ಅಂದರೆ ಗರಿಕೆಯ ಹಾಗೇ ಇತ್ತು. ನಾನು ಅದನ್ನೇ ಕಿತ್ತು ಗುಡ್ಡೆ ಹಾಕಿದ್ದೆ. ಎಲೆ ಚೂಪಾಗಿ, ಕಡು ಹಸಿರಾಗಿ ಎದ್ದು ನಿಂತಿದ್ದ ಇನ್ನೊಂದನ್ನು ಜೋಪಾನವಾಗಿ ಉಳಿಸಿದ್ದೆ.

‘ಇದನ್ನ ಯಾಕ ಬಿಟ್ಟಿ?’

‘ಚಂದ ಐತಲ್ರಿ.’

‘ಅದಕ್ಕ ಜೇಕು ಅಂತಾರವ್ವ. ಚಂದ ಕಾಣೋದೇ ಅದರ ದಂಧೆ.’

ಅವರು ಬೈಯಲಿಲ್ಲ. ಸಾಹೇಬರಿಗೂ ಹೇಳಲಿಲ್ಲ. ಪಂಚೆ ಮೇಲೆ ಕಟ್ಟಿ ಕೂತು, ನಾನು ಕಿತ್ತ ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿ ನನ್ನ ಜೊತೆ ಮತ್ತೆ ನೆಟ್ಟರು. ಮಾರನೇ ದಿನ ನನಗೆ ಒಂದೇ ಒಂದು ಜೇಕಿನ ಗಿಡ ತೋರಿಸಿ, ‘ಇವತ್ತು ನಿನಗ ಇದೊಂದೇ ಕೆಲಸ. ಬೇರು ಸಮೇತ ತಗದು ಗೋಣಿಚೀಲದ ಮ್ಯಾಲೆ ಇಡು. ಹರಿಬಾರದು’ ಎಂದರು. ಇದೇನು ಮಹಾ ಎಂದುಕೊಂಡು ಕಳೆ ಕೀಳುವ ಕುರ್ಪಿ ಹಾಕಿದೆ. ಕೆಳಗೆ ಕಡಲೆಕಾಳಿನಷ್ಟು ಕಪ್ಪು ಗಡ್ಡೆ, ಅದರಿಂದ ನೂಲಿನಂಥ ಬೇರು, ಆ ಬೇರಿನ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಊಟದ ಗಂಟೆ ಹೊಡೆದಾಗ ನಾನು ಮೊಳಕೈವರೆಗೆ ಮಣ್ಣಿನಲ್ಲಿದ್ದೆ. ಗೋಣಿಚೀಲದ ಮೇಲೆ ಹನ್ನೊಂದು ಗಡ್ಡೆ ಕೂತಿದ್ದವು. ಬಸಣ್ಣ ಅಷ್ಟನ್ನೂ ನೋಡಿ, ‘ಎಲಿ ಕಿತ್ತರ ನಿನಗ ಕೆಲಸ ಮಾಡಿದ ಸಮಾಧಾನ. ಅದಕ್ಕೇನೂ ಆಗಲ್ಲ. ಒಂದರ ಬದಲು ನಾಲ್ಕಾಗಿ ಬರತೈತೆ’ ಎಂದರು.

ನೀವು ಕಲಿಯಬೇಕಾದ ಮೊದಲ ಪಾಠವೂ ಇದೇ. ದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಕರಿಕೆಯಾದರೆ ದುಂಡಗೆ ಹೊರಳುತ್ತದೆ. ಜೇಕಾದರೆ ಮೂರು ಮೂಲೆ ಬೆರಳಿಗೆ ಸಿಗುತ್ತವೆ. ಮಣ್ಣು ಹದವಾಗಿ ತೇವವಿದ್ದಾಗ ಮಾತ್ರ ಕುರ್ಪಿ ಹಾಕಿ, ಒಣಗಿದ್ದರೆ ಬೇರು ಹರಿಯುತ್ತದೆ. ಕಿತ್ತ ಗಡ್ಡೆಯನ್ನು ತಿಪ್ಪೆಗೆ ಹಾಕಬೇಡಿ, ಗೊಬ್ಬರದ ಜೊತೆ ಅದು ಮತ್ತೆ ಮನೆಗೆ ಬರುತ್ತದೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಸುಟ್ಟುಬಿಡಿ.

ಬಸಣ್ಣನ ಕೈಕೆಳಗೆ ಹನ್ನೆರಡು ವರ್ಷ ದುಡಿದೆ. ಅವರು ರಿಟೈರಾದ ಮೇಲೆ ತೋಟದ ಕೆಲಸ ಗುತ್ತಿಗೆಗೆ ಹೋಯಿತು, ಹಳಬರನ್ನೆಲ್ಲ ಬಿಡಿಸಿದರು. ನಾನು ದಾವಣಗೆರೆಯಲ್ಲಿ ಮನೆ ತೋಟಗಳ ಕೆಲಸ ಹುಡುಕಿಕೊಂಡೆ. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಐದರ ಬಸ್ಸಿಗೆ ವಾಪಸ್ಸು. ಹಾಗೆ ಸಿಕ್ಕ ಮನೆಗಳಲ್ಲಿ ಒಂದು ಪಿ.ಜೆ. ಬಡಾವಣೆಯ ಡಾಕ್ಟ್ರಮ್ಮನ ಮನೆ.

ಡಾಕ್ಟರ್ ಪ್ರಮೀಳಾ ಹೆರಿಗೆ ಡಾಕ್ಟರು. ಮೇಲೆ ಮನೆ, ಕೆಳಗೆ ಕ್ಲಿನಿಕ್ಕು, ಮುಂದೆ ಮೂವತ್ತಡಿ ಉದ್ದ ಇಪ್ಪತ್ತಡಿ ಅಗಲದ ಲಾನು. ತೋರಿಸಿಕೊಳ್ಳಲು ಬಂದ ಬಸುರಿಯರು ಬೆಂಚಿನ ಮೇಲೆ ಕೂತು ಕಾಯುವುದು ಡಾಕ್ಟ್ರಮ್ಮನಿಗೆ ಸೇರುತ್ತಿರಲಿಲ್ಲ. ಕಿಟಕಿಯಿಂದಲೇ ಕೂಗುತ್ತಿದ್ದರು: ‘ಏನ್ರೀ, ಕೂತಿದ್ದು ಸಾಕು, ಚಪ್ಲಿ ಬಿಟ್ಟು ಹುಲ್ಲಿನ ಮ್ಯಾಲೆ ಹತ್ತು ಸುತ್ತು ಹಾಕ್ರಿ!’ ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದ ಹೆಣ್ಣುಮಕ್ಕಳು ಸೀರೆ ಎತ್ತಿ ಹಿಡಿದು, ನಾಚುತ್ತಾ, ಒಬ್ಬರನ್ನೊಬ್ಬರು ಮಾತಾಡಿಸುತ್ತಾ ನಡೆಯುತ್ತಿದ್ದರು. ಎರಡು ಸುತ್ತು ಮುಗಿಯುವಷ್ಟರಲ್ಲಿ ಅವರ ಮುಖದ ಹೆದರಿಕೆ ಕಡಿಮೆಯಾಗುವುದನ್ನು ನಾನೇ ಕಂಡಿದ್ದೇನೆ. ನನ್ನನ್ನು ಕೆಲಸಕ್ಕೆ ತಗೊಳ್ಳುವಾಗ ಡಾಕ್ಟ್ರಮ್ಮ ಕೇಳಿದ್ದು ಒಂದೇ ಪ್ರಶ್ನೆ.

‘ಕಳೆಗೆ ಎಣ್ಣೆ, ಔಷಧಿ ಹೊಡೀತೀಯೇನು?’

‘ಇಲ್ರಮ್ಮಾ, ಕೈಲೇ ತಗೀತೀನಿ.’

‘ಹಂಗಾದ್ರ ನಾಳೆಯಿಂದ ಬಾ. ಇಲ್ಲಿ ಬರಿಗಾಲಾಗ ನಡೆಯೋರು ಎರಡು ಜೀವದೋರು.’

ಪಕ್ಕದ ಮನೆ ಶಿವಮೂರ್ತೆಪ್ಪನವರದು. ಮಂಡಿಪೇಟೆಯಲ್ಲಿ ಅಂಗಡಿ ಮಾಡಿ, ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಆಗಲೇ ಎಪ್ಪತ್ತು ದಾಟಿತ್ತು. ನಮ್ಮ ಕಾಂಪೌಂಡಿನ ಗೋಡೆಗೆ ಅಂಟಿಕೊಂಡಂತೆ ಅವರ ಕಡೆ ಉದ್ದಕ್ಕೂ ಕರಿಕೆಯ ಪಟ್ಟಿ. ಅದನ್ನು ಪೂಜೆಗೆಂದು ಅವರೇ ಬೆಳೆಸಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊಡದಲ್ಲಿ ನೀರು ತಂದು ಚಿಮುಕಿಸುತ್ತಿದ್ದರು. ಗಣಪತಿ ಹಬ್ಬ ಬಂದರೆ ಆ ಬೀದಿಯ ಯಾರೂ ಕರಿಕೆಗೆ ಪೇಟೆಗೆ ಹೋಗಬೇಕಾಗಿರಲಿಲ್ಲ. ಅವರೇ ಸಣ್ಣ ಸಣ್ಣ ಕಟ್ಟು ಮಾಡಿ ಮನೆ ಮನೆಗೆ ಕೊಟ್ಟು ಬರುತ್ತಿದ್ದರು. ಡಾಕ್ಟ್ರಮ್ಮನ ಮನೆಗೆ ಮೊದಲ ಕಟ್ಟು. ಗೋಡೆಯ ಮೇಲಿಂದ ನನಗೂ ಒಂದು ಚಾಚಿ, ‘ಹಾಲವ್ವ, ಬಸ್ಸಿನಾಗ ಬಾಡಿಸಬ್ಯಾಡ, ಒದ್ದಿ ಬಟ್ಟಿಯಾಗ ಸುತ್ತಿಗೊಂಡು ಹೋಗು’ ಎನ್ನುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಒಂದು ಬೇಸಿಗೆಯಲ್ಲಿ ಲಾನು ಅಲ್ಲಲ್ಲಿ ತಗ್ಗು ಬಿದ್ದಿತ್ತು. ನಡೆಯುವವರ ಕಾಲು ಹೊರಳಿದರೆ ಕಷ್ಟ ಎಂದು ಡಾಕ್ಟ್ರಮ್ಮ ಮಣ್ಣು ಹಾಕಿಸಲು ಹೇಳಿದರು. ‘ನಮ್ಮೂರ ಹೊಳೆ ದಂಡೆಯ ಗೋಡು ಮಣ್ಣು ತರಿಸೋಣ್ರಮ್ಮಾ, ಬೆಣ್ಣಿ ಇದ್ದಂಗ ಇರತೈತೆ’ ಎಂದವಳು ನಾನೇ. ನನ್ನ ಮೈದುನ ಟ್ರಾಕ್ಟರಿನಲ್ಲಿ ತಂದು ಸುರಿದ. ಕೈ ಹಾಕಿ ನೋಡಲಿಲ್ಲ, ಜರಡಿ ಹಿಡಿಯಲಿಲ್ಲ. ನಮ್ಮೂರ ಮಣ್ಣು, ನಮ್ಮವನೇ ತಂದದ್ದು ಎಂಬ ಅಭಿಮಾನ ಒಂದು. ಐದರ ಬಸ್ಸು ತಪ್ಪುತ್ತದೆ ಎಂಬ ಅವಸರ ಇನ್ನೊಂದು. ಲಾನಿಗೆ ಹಾಕಿ ಉಳಿದದ್ದನ್ನು ಎರಡು ಚೀಲಕ್ಕೆ ತುಂಬಿ ಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟೆ.

ಮುಂಗಾರಿನ ಎರಡನೇ ಮಳೆಗೆ ಜೇಕು ಎದ್ದಿತು. ಮೊದಲು ಗೋಡೆಯ ಬದಿಗೆ, ಆಮೇಲೆ ನಡುವೆ. ಎಂಟು ದಿನದಲ್ಲಿ ಮೆತ್ತಗಿನ ಲಾನಿನ ತುಂಬ ಚೂಪು ಚೂಪು ಎಲೆ. ಡಾಕ್ಟ್ರಮ್ಮ ಮೆಟ್ಟಿಲ ಮೇಲೆ ನಿಂತು, ‘ಇಷ್ಟು ವರ್ಷ ಇಲ್ಲದ್ದು ಈಗ ಎಲ್ಲಿಂದ ಬಂತು ಹಾಲವ್ವ?’ ಎಂದರು.

ಆ ಹೊತ್ತಿಗೆ ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ವರ್ಷ ಕೆಲಸ ಮಾಡಿದವಳು ಗೊತ್ತಿಲ್ಲ ಎನ್ನುವುದು ಹೇಗೆ? ಜೇಕು ಮೊದಲು ಕಂಡದ್ದು ಗೋಡೆಯ ಬದಿಗಲ್ಲವೇ? ಬಾಯಿಂದ ಮಾತು ಹೊರಬಿತ್ತು. ‘ಆ ಕಡೆ ಯಜಮಾನ್ರು ಹುಲ್ಲು ಬೆಳಿಸ್ಯಾರಲ್ರಿ, ಅದರ ಜೊತೆಗೆ ಗ್ವಾಡಿ ಬುಡದಾಗಿಂದ ಬಂದಿರಬೇಕು.’

ಡಾಕ್ಟ್ರಮ್ಮ ಒರಟು ಮಾತಿನವರಲ್ಲ, ಆದರೆ ನೇರ ಮಾತಿನವರು. ಅಂದು ಸಂಜೆಯೇ ಗೋಡೆಯ ಮೇಲಿಂದ ಶಿವಮೂರ್ತೆಪ್ಪನವರಿಗೆ ಹೇಳಿದರು: ‘ನಿಮ್ಮ ಹುಲ್ಲು ನಮ್ಮ ಲಾನು ಹಾಳು ಮಾಡ್ತಾ ಐತ್ರಿ. ಇಲ್ಲಿ ಪೇಷಂಟ್ಸ್ ನಡೀತಾರೆ. ಏನಾದ್ರೂ ಮಾಡ್ರಿ.’ ಅವರು ‘ಆಗ್ಲಿ ಡಾಕ್ಟ್ರೆ’ ಎಂದಷ್ಟೇ ಹೇಳಿ ಒಳಗೆ ಹೋದರು. ಮೂರನೇ ದಿನ ಆಳು ಕರೆಸಿ ಕರಿಕೆಯನ್ನೆಲ್ಲ ಅಗೆಸಿದರು. ಗೋಡೆಯ ಉದ್ದಕ್ಕೂ ಸಿಮೆಂಟು ಹಾಕಿಸಿಬಿಟ್ಟರು. ಅಂದಿನಿಂದ ಎರಡು ಮನೆಯ ನಡುವೆ ಮಾತು ನಿಂತಿತು. ಬೆಳಿಗ್ಗೆ ಕೊಡ ಹಿಡಿದು ಬರುತ್ತಿದ್ದವರು ಅತ್ತ ಬರುವುದನ್ನೇ ಬಿಟ್ಟರು.

ಜೇಕು ಮಾತ್ರ ಹೋಗಲಿಲ್ಲ. ನರ್ಸರಿಯವರು ಒಬ್ಬರು ಬಂದು, ಒಂದು ಸಲ ಎಣ್ಣೆ ಹೊಡೆದರೆ ಕಥೆ ಮುಗಿಯುತ್ತದೆ ಎಂದರು. ಡಾಕ್ಟ್ರಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಔಷಧಿಯನ್ನು ನಾನು ಬೈಯುವುದಿಲ್ಲ. ಈಗ ಲಾನಿನ ಹುಲ್ಲು ಬಿಟ್ಟು ಜೇಕಿಗೆ ಮಾತ್ರ ತಾಗುವಂಥವು ಬಂದಿವೆ. ಜನ ಓಡಾಡದ ಕಡೆ, ಡಬ್ಬಿಯ ಮೇಲಿನ ಚೀಟಿ ಓದಿ, ಕೈಗೆ ಗ್ಲೌಸು ಹಾಕಿ ಹೊಡೆಯುವವರು ಹೊಡೆಯಲಿ. ಅಲ್ಲಿ ಮಾತ್ರ ಅದು ಆಗದ ಮಾತಾಗಿತ್ತು. ಮುಂದಿನ ಬೇಸಿಗೆಯಲ್ಲಿ ಯಾರೋ ಹೇಳಿದರೆಂದು ಅರ್ಧ ಲಾನಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಹೇರಿ ಬಿಸಿಲಿಗೆ ಬೇಯಲು ಬಿಟ್ಟೆ. ಕೆಳಗಿದ್ದ ಒಳ್ಳೆ ಹುಲ್ಲು ಬೆಂದು ಹೋಯಿತು. ಜೇಕು ಸೂಜಿ ಚುಚ್ಚಿದ ಹಾಗೆ ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಮೇಲೆ ಬಂದು ನಿಂತಿತು. ತೋರಿಸಿಕೊಳ್ಳಲು ಬಂದವರು ಮತ್ತೆ ಬೆಂಚಿನ ಮೇಲೆ ಕೂರತೊಡಗಿದರು.

ಅದೇ ವರ್ಷ ಮಾಳಿಗೆಯ ಮೇಲೆ ಮಲ್ಲಿಗೆ ಹಚ್ಚಲು ಡಾಕ್ಟ್ರಮ್ಮ ಆರು ಕುಂಡ ತಂದರು. ಮೆಟ್ಟಿಲ ಕೆಳಗಿದ್ದ ಎರಡು ಚೀಲ ಮಣ್ಣು ನೆನಪಾಗಿ ಅದನ್ನೇ ತುಂಬಿದೆ. ಹದಿನೈದು ದಿನಕ್ಕೆ ನೀರು ಹಾಕಲು ಹೋದವಳು ಅಲ್ಲೇ ಕುಕ್ಕರಿಸಿದೆ. ಆರೂ ಕುಂಡದಲ್ಲಿ ಜೇಕು. ಎರಡನೇ ಅಂತಸ್ತಿನ ಮೇಲಿನ ಕುಂಡಕ್ಕೆ ಯಾವ ಪಕ್ಕದ ಮನೆಯ ಬೇರು ಏರಿ ಬಂದೀತು? ಅದು ಬಂದದ್ದು ನಮ್ಮೂರ ಗೋಡು ಮಣ್ಣಿನಲ್ಲಿ. ತಂದವಳು ನಾನು.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಕುಂಡದ ಮಣ್ಣನ್ನು ಒಬ್ಬಳೇ ಇಳಿಸಿ, ಗಡ್ಡೆ ಆರಿಸಿ ಸುಟ್ಟು, ಬೇರೆ ಮಣ್ಣು ತುಂಬಿದೆ. ಕೆಲಸ ಹೋದೀತು ಎಂಬ ಭಯವಿತ್ತು. ಅದಕ್ಕಿಂತ, ‘ಹಾಲವ್ವನಿಗೆ ತಿಳಿಯದ ಹುಲ್ಲಿಲ್ಲ’ ಎನ್ನುತ್ತಿದ್ದ ಡಾಕ್ಟ್ರಮ್ಮನ ಕಣ್ಣಿನಲ್ಲಿ ಸಣ್ಣವಳಾಗುವ ಭಯ ದೊಡ್ಡದಿತ್ತು. ದಿನವೂ ಕೂತು ಕಳೆ ತೆಗೆಯುವಾಗ ಗೋಡೆಯ ಆಚೆ ಕೆಮ್ಮಿದ ಸದ್ದಾದರೂ ನನ್ನ ಕೈ ನಿಲ್ಲುತ್ತಿತ್ತು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗುಡಿಗೆ ಹೋದಾಗಲೂ ಅಜ್ಜಯ್ಯ ದೇವರ ಮುಂದೆ ಏನು ಕೇಳಿಕೊಳ್ಳಬೇಕೋ ತಿಳಿಯದೆ ಕಾಯಿ ಒಡೆಸಿ ಹಾಗೇ ಬಂದೆ.

ಹೀಗೇ ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ಗಣಪತಿ ಹಬ್ಬದ ಹಿಂದಿನ ದಿನ, ಬಸ್ಸಿಳಿದು ಪೇಟೆ ಹಾದು ಬರುತ್ತಿದ್ದೆ. ಹೂವಿನವರ ಮುಂದೆ ಜನವೋ ಜನ. ಅದರ ನಡುವೆ, ಕೈಯಲ್ಲಿ ಬಟ್ಟೆ ಚೀಲ ಹಿಡಿದು, ತಳ್ಳಾಟದಲ್ಲಿ ಹಿಂದಕ್ಕೆ ಮುಂದಕ್ಕೆ ಓಲಾಡುತ್ತಾ ಶಿವಮೂರ್ತೆಪ್ಪನವರು ನಿಂತಿದ್ದರು. ಅವರ ಸರದಿ ಬಂತು. ‘ಒಂದು ಕಟ್ಟು ಕರಿಕಿ ಕೊಡಪ್ಪಾ’ ಎಂದರು. ಬಾಡಿದ ಕಟ್ಟು. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡರು. ಬೀದಿಗೆಲ್ಲ ಕರಿಕೆ ಹಂಚಿದ ಕೈ ಅದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನೇರ ಕ್ಲಿನಿಕ್ಕಿಗೆ ಹೋದೆ. ಒಳಗೆ ಒಬ್ಬ ಪೇಷಂಟು ಎದ್ದು ಹೊರಡುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತೇ ಎಲ್ಲ ಹೇಳಿಬಿಟ್ಟೆ. ಮಣ್ಣು, ಮೈದುನನ ಟ್ರಾಕ್ಟರು, ಮಾಳಿಗೆಯ ಕುಂಡ, ವರ್ಷಪೂರ್ತಿ ಮುಚ್ಚಿಟ್ಟದ್ದು. ‘ಬೇಕಾದ್ರ ಕೆಲಸದಿಂದ ತಗೀರಿ ಅಮ್ಮಾ. ಯಜಮಾನ್ರದು ಏನೂ ತಪ್ಪಿಲ್ಲ.’

ಡಾಕ್ಟ್ರಮ್ಮ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ನನ್ನನ್ನೇ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ನರ್ಸನ್ನು ಕರೆದು, ‘ಮುಂದಿನೋರನ್ನ ಹತ್ತು ನಿಮಿಷ ಕೂಡ್ರಿಸಮ್ಮ’ ಎಂದು ಎದ್ದರು. ‘ನಡಿ ಹಾಲವ್ವ.’

‘ಎಲ್ಲಿಗ್ರಿ?’

‘ಎಲ್ಲಿಗೆ ಅಂದ್ರ? ಪಕ್ಕದ ಮನಿಗೆ.’

ಆಗಷ್ಟೇ ಪೇಟೆಯಿಂದ ಮರಳಿದ್ದ ಶಿವಮೂರ್ತೆಪ್ಪನವರು ಬಾಗಿಲು ತೆರೆದು, ನಮ್ಮಿಬ್ಬರನ್ನು ನೋಡಿ ಗಾಬರಿಯಾದರು. ಮನೆಯಲ್ಲಿ ಯಾರಿಗೆ ಏನಾಯಿತೋ ಎಂದುಕೊಂಡಿರಬೇಕು. ನಾನು ಬಾಯಿ ತೆಗೆಯುವ ಮೊದಲೇ ಡಾಕ್ಟ್ರಮ್ಮ ಕೈ ಮುಗಿದರು.

‘ತಪ್ಪು ನಂದು ರೀ. ಮಣ್ಣು ಕೆದರಿ ಕೂಡ ನೋಡ್ದೆ ನಿಮಗ ಮಾತಾಡಿದೆ.’

‘ಇಲ್ರಿ ಯಜಮಾನ್ರೆ, ಹೇಳಿಕೊಟ್ಟೋಳು ನಾನು’ ಎಂದು ನಾನು ಅವರ ಕಾಲಿಗೆ ಬಗ್ಗಿದೆ.

‘ಏಳವ್ವ, ಏಳು ಮೊದಲು’ ಎಂದರು ಅವರು. ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ‘ಕೂಡು ಅಂದ್ನಲ್ಲ’ ಎಂದು ಗದರಿದ ಮೇಲೆ ಕೂತೆ. ಆಮೇಲೆ ಡಾಕ್ಟ್ರಮ್ಮನ ಕಡೆ ನೋಡಿ ಹೇಳಿದರು: ‘ಹುಲ್ಲು ಹೋತು ಅಂತ ನನಗೇನೂ ಅನಿಸಲಿಲ್ಲ ಡಾಕ್ಟ್ರೆ. ನಮ್ಮ ಮೊಮ್ಮಗಳನ್ನ ಹೆರಿಗಿ ಮಾಡಿದೋರು ನೀವು. ಒಂದು ಮಾತು, ಬಂದು ನೋಡ್ಲಾ ಅಂತ ಕೇಳಲಿಲ್ಲಲ್ಲ ಅಂತ ಅಷ್ಟೇ.’ ಡಾಕ್ಟ್ರಮ್ಮ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಷ್ಟರಲ್ಲಿ ಅವರ ಹೆಂಡತಿ ಗೌರಮ್ಮನವರು ತಟ್ಟೆಯಲ್ಲಿ ಮಂಡಕ್ಕಿ ಕಲಸಿ ತಂದಿಟ್ಟರು. ಶಿವಮೂರ್ತೆಪ್ಪನವರು ನನ್ನ ಕಡೆ ತಿರುಗಿ, ‘ಹಾಲವ್ವ, ಆ ಸಿಮೆಂಟು ಈಗ ಯಾರು ಒಡೀತಾರವ್ವ?’ ಎಂದರು.

‘ನಾನೇ ಒಡೀತೀನ್ರಿ.’

ಒಡೆದೆ. ನಾಲ್ಕು ದಿನ ಹಿಡಿಯಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ದೇವಸ್ಥಾನದ ಹಿಂದಿನ ಬಯಲಿನಿಂದ ಕರಿಕೆ ತಂದು, ಒಂದೊಂದು ಎಳೆಯನ್ನೂ ಬೇರು ತೊಳೆದು ನೋಡಿ ನೆಟ್ಟೆ. ಕೆಲಸ ಉಳಿಯಿತು. ಡಾಕ್ಟ್ರಮ್ಮ ಆಮೇಲೆ ಆ ಮಾತು ಎತ್ತಲೇ ಇಲ್ಲ. ಆದರೆ ಬಹಳ ದಿನದವರೆಗೆ, ನಾನು ಏನಾದರೂ ಹೇಳಿದರೆ, ‘ನೋಡಿದ್ದೇನು, ಅಂದಾಜೇನು?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನನಗೆ ಬಸಣ್ಣನ ಹನ್ನೆರಡು ವರ್ಷಕ್ಕೆ ಸಮ.

ಲಾನಿನ ಗತಿ ಏನಾಯಿತು ಎಂದು ಕೇಳುತ್ತೀರಿ. ಬೇಸಿಗೆಯಲ್ಲಿ ಪೂರ್ತಿ ಅಗೆದು, ಮೊಳದಾಳದ ಮಣ್ಣನ್ನೆಲ್ಲ ಜರಡಿ ಹಿಡಿದೆವು. ಹೊಸ ಹುಲ್ಲು ಹಚ್ಚಿದ ಮೇಲೂ ಎರಡು ಮಳೆಗಾಲ ಮೂರು ದಿನಕ್ಕೊಮ್ಮೆ ಕೂತು, ಎರಡೆಲೆ ಒಡೆಯುತ್ತಿದ್ದ ಹಾಗೇ ತೆಗೆದೆ. ಒಂದೇ ಸಲಕ್ಕೆ ಜೇಕು ತೆಗೆದುಕೊಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ. ಬೇಸರವಿಲ್ಲದೆ ಮತ್ತೆ ಮತ್ತೆ ಕೂರುವವರಿಗೆ ಅದು ಸೋಲುತ್ತದೆ, ಅಷ್ಟೇ. ಮೂರನೇ ವರ್ಷದ ಶ್ರಾವಣದಲ್ಲಿ ಜಗಳೂರು ಕಡೆಯ ಒಬ್ಬ ತುಂಬು ಬಸುರಿ ಚಪ್ಪಲಿ ಬಿಟ್ಟು ಲಾನಿಗೆ ಇಳಿದು, ‘ಯವ್ವಾ, ಎಷ್ಟು ತಣ್ಣಗೈತಿ’ ಎಂದಳು. ನನಗೆ ಅಷ್ಟು ಸಾಕಾಯಿತು.

ಆದರೆ ನಾನು ಹೆಚ್ಚು ನೆನೆಯುವುದು ಜರಡಿ ಹಿಡಿದ ಮೊದಲ ದಿನವನ್ನು. ಬೆಳಿಗ್ಗೆ ಒಬ್ಬಳೇ ಮಣ್ಣು ಎಳೆದುಕೊಂಡು ಕೂತಿದ್ದೆ. ಗೇಟು ಸದ್ದಾಯಿತು. ಶಿವಮೂರ್ತೆಪ್ಪನವರು ಹೆಗಲ ಮೇಲೆ ಟವೆಲು, ಕೈಯಲ್ಲೊಂದು ಸಣ್ಣ ಮಣೆ ಹಿಡಿದು ಬಂದರು. ‘ಬ್ಯಾಡ್ರಿ ಯಜಮಾನ್ರೆ, ಧೂಳು’ ಎಂದರೂ ಕೇಳದೆ ನನ್ನ ಎದುರಿಗೆ ಮಣೆ ಹಾಕಿ ಕೂತು ಜರಡಿಯ ಇನ್ನೊಂದು ಕಡೆ ಹಿಡಿದರು. ಮಣ್ಣು ಇಳಿಯಿತು. ಜರಡಿಯ ಮೇಲೆ ಕಲ್ಲು, ಬೇರು, ನಾಲ್ಕೈದು ಕಪ್ಪು ಗಡ್ಡೆ ಉಳಿದವು. ಒಂದನ್ನು ಎತ್ತಿ, ಕನ್ನಡಕ ಮೇಲೆ ಸರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು.

‘ಇದೇ ಏನು ಹಾಲವ್ವ?’

‘ಹೌದ್ರಿ. ಇದೇ ಜೇಕು.’

‘ನಾನು ನೋಡೇ ಇರಲಿಲ್ಲ ನೋಡು.’

ಅವರು ಅದನ್ನು ಅಂಗೈಯಲ್ಲಿ ಹೊರಳಿಸಿದರು, ತೂಕ ನೋಡುವವರ ಹಾಗೆ ಕೈ ಮೇಲೆ ಕೆಳಗೆ ಮಾಡಿದರು. ಆಮೇಲೆ ಟವೆಲಿನ ತುದಿಗೆ ಕಟ್ಟಿಕೊಂಡು ಎದ್ದು, ಗೋಡೆಯ ಹತ್ತಿರ ಹೋಗಿ, ಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದರು:

‘ಏ ಗೌರಾ, ಕನ್ನಡಕ ಹಾಕ್ಕೊಂಡು ಬಾ ಇಲ್ಲಿ! ನಮ್ಮ ಮ್ಯಾಲೆ ಬಂದಿದ್ದ ಅಪವಾದ ಎಷ್ಟು ದೊಡ್ಡದಿತ್ತು ಅಂತ ನೋಡುವಂತಿ.’